ನಗು ತೆಗೆದ ಮೇಲೆ

"ಇನ್ನೂ ಇದೆ," ಎಂದ ಅವನು. "ಬಾಲ ಉಳಿದಿದೆ. ಮತ್ತೆ ಹಾಕು."

ಕಿವಿ ಮತ್ತೆ ಹಾಕಿದ. ಧ್ವನಿಮುದ್ರಣದ ಆ ಇಕ್ಕಟ್ಟು ಕೋಣೆಯಲ್ಲಿ ಹಾಡಿನ ಕೊನೆಯ ಸಾಲು ಎಷ್ಟನೆಯ ಸಲವೋ ಮುಗಿಯಿತು. ಗಿಟಾರಿನ ತಂತಿ ನಿಧಾನವಾಗಿ ಸುಮ್ಮನಾಯಿತು. ಆಮೇಲೆ, ನಿನ್ನೆಯವರೆಗೆ ಹೆಂಗಸೊಬ್ಬಳ ನಗು ಇದ್ದ ಜಾಗದಲ್ಲಿ, ಏನೋ ಒಂದು ಚೂರು ಸದ್ದು ಕೇಳಿಸಿತು.

"ಅದು ನಗು ಅಲ್ಲ ಕಣೋ," ಎಂದ ಕಿವಿ. "ನಗೋಕೆ ಮುಂಚೆ ಎಳ್ಕೊಂಡ ಉಸಿರು."

"ತೆಗಿ."

ಕಿವಿ ಎಂಬುದು ಹೆಸರಲ್ಲ. ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಭೌತಶಾಸ್ತ್ರ ಓದುತ್ತಿದ್ದಾಗ, ಮೇಷ್ಟ್ರು ಮೆಟ್ಟಿಲು ಹತ್ತುವ ಸದ್ದನ್ನು ಎಲ್ಲರಿಗಿಂತ ಮೊದಲು ಕೇಳಿಸಿಕೊಂಡು ಸಿಗರೇಟು ಆರಿಸುತ್ತಿದ್ದವನಿಗೆ ಅಂಟಿಕೊಂಡ ಬಿರುದು. ಈಗ ಅದೇ ಕಿವಿ ಅವನಿಗೆ ಅನ್ನ ಹಾಕುತ್ತಿತ್ತು. ಊರಿನ ಹಾಡುಗಾರರೆಲ್ಲ ಇವನ ಮುಂದೆ ಕೂತು ತಮ್ಮ ಗಂಟಲು ಒಪ್ಪಿಸುತ್ತಿದ್ದರು.

ಕಿವಿ ಉಸಿರನ್ನೂ ಕತ್ತರಿಸಿದ. ಈಗ ತಂತಿ ಸುಮ್ಮನಾಗುತ್ತಿತ್ತು, ಅಷ್ಟೇ. ಹಾಡಿದವನಿಗೆ ಎದೆ ಹಗುರಾಯಿತು. ನಾಲ್ಕು ವರ್ಷದ ಹಿಂದೆ ಬಿಡುಗಡೆಯಾದ ತನ್ನ ಆಲ್ಬಂ ಈಗ ಮುಗಿಯಿತು ಎಂದುಕೊಂಡ. ಹೀಗೆ ಅಂದುಕೊಳ್ಳುವುದು ಇದು ಮೊದಲ ಸಲವೇನಲ್ಲ.

ಎಂಟು ಹಾಡುಗಳು. ಡಿಸ್ಕ್ ಮಾಡಿಸಿರಲಿಲ್ಲ, ಎಲ್ಲ ಫೋನಿನಲ್ಲೇ. ಅದರದೊಂದು ಅನುಕೂಲವಿತ್ತು. ಹಳೆಯ ಹಾಡಿನ ಜಾಗದಲ್ಲಿ ಹೊಸದನ್ನು ಕೂರಿಸಿದರೆ, ಕೇಳುವವರ ಫೋನುಗಳಲ್ಲೂ ತಾನಾಗಿಯೇ ಹೊಸದು ಬಂದು ಕೂರುತ್ತಿತ್ತು, ಹಳೆಯದು ಹೇಳಹೆಸರಿಲ್ಲದೆ ಹೋಗುತ್ತಿತ್ತು. ಮೊದಲು ಡ್ರಮ್ಮು ಬದಲಿಸಿದ. ಆಮೇಲೆ ಎರಡನೆಯ ಹಾಡಿನ ಸಾಲು ತಿದ್ದಿದ. ಆಮೇಲೆ ಪಿಟೀಲನ್ನು ಅರ್ಧ ಮಾಡಿದ, ಮುಂದಿನ ವರ್ಷ ಪೂರಾ ತೆಗೆದ. ಪಿಟೀಲಿನವನು ಎದುರು ಸಿಕ್ಕರೆ ರಸ್ತೆ ದಾಟುತ್ತಾನೆ. ದಾಟಲಿ. ಕೊನೆಯ ಹಾಡೊಂದು ಬಾಕಿಯಿತ್ತು. ಅದರ ತುದಿಯಲ್ಲಿ ಅವನ ಹೆಂಡತಿ ನಗುತ್ತಿದ್ದಳು. ಮುದ್ರಣದ ದಿನ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದವಳು, ಹಾಡು ಮುಗಿಯುವುದಕ್ಕೂ ಯಂತ್ರ ನಿಲ್ಲಿಸುವುದಕ್ಕೂ ನಡುವೆ ನಕ್ಕಿದ್ದಳು. ಇರಲಿ ಬಿಡು ಅಂತ ಕಿವಿ ಹಾಗೇ ಬಿಟ್ಟಿದ್ದ. ಜನಕ್ಕೆ ಹಾಡಿಗಿಂತ ಆ ನಗುವೇ ಹೆಚ್ಚು ಹಿಡಿಸಿಬಿಟ್ಟಿತು.

"ಜನ ಬಯ್ತಾರೆ," ಎಂದ ಕಿವಿ.

"ಬಯ್ಯಲಿ. ಕವಿ ಎರಡನೇ ಮುದ್ರಣದಲ್ಲಿ ಒಂದು ಪದ ತಿದ್ದಿದ್ರೆ ಪಂಡಿತರು ಅದರ ಮೇಲೆ ಪ್ರಬಂಧ ಬರೀತಾರೆ. ಮನೆಗೆ ಹೊಸದಾಗಿ ಸುಣ್ಣ ಹೊಡೆಸಿದ್ರೆ ಯಾರೂ ಬಯ್ಯಲ್ಲ. ನಾನೊಬ್ಬ ಮಾತ್ರ ಒಂದು ಸಲ ಬಾಯಿಂದ ಬಿಟ್ಟಿದ್ದಕ್ಕೆ ಸಾಯೋವರೆಗೂ ಕಟ್ಟುಬಿದ್ದಿರಬೇಕಾ?"

"ಪುಸ್ತಕದ ಹಳೇ ಮುದ್ರಣ ಜನರ ಕಪಾಟಲ್ಲಿ ಇರುತ್ತಪ್ಪ. ನೀನು ಕಪಾಟಿಗೇ ಕೈ ಹಾಕ್ತಾ ಇದೀಯ."

"ನನ್ನ ಹಾಡು."

"ಹೂಂ. ನಿನ್ನ ಹಾಡು."

ಆ ಹೂಂ ಅವನಿಗೆ ಹಿಡಿಸಲಿಲ್ಲ. ಹೊಸದನ್ನು ಏರಿಸಿದ್ದಾಯಿತು. ಇನ್ನೇನು ಎದ್ದು ಹೊರಡಬೇಕು, ಅಷ್ಟರಲ್ಲಿ ಕೇಳಿದ: "ನಗು ಇರೋ ಮೂಲ ಎಲ್ಲಿದೆ?"

ಕಿವಿ ಹೆಡ್‌ಫೋನಿನ ವೈರು ಸುತ್ತುತ್ತ ಕೂತ. "ಇದೆ."

"ಬೇರೆ ಪ್ರತಿ?"

"ಇದೊಂದೇ. ಮೂಲೇಲಿ ಬಿದ್ದಿರುತ್ತೆ ಬಿಡೋ. ಯಾರು ಕೇಳ್ತಾರೆ?"

"ಬಿದ್ದಿರೋದೇ ಬೇಡ. ಅಳಿಸು."

ಕಿವಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಕೈ ಕಟ್ಟಿದ. "ನೀನೇ ಅಳಿಸ್ಕೋ."

ಅವನು ಬಗ್ಗಿ ಗುಂಡಿ ಒತ್ತಿದ. ನಿಜವಾಗಿಯೂ ಅಳಿಸಬೇಕೇ ಎಂದು ಯಂತ್ರ ಕೇಳಿತು. ಬೆಳಿಗ್ಗೆಯಿಂದ ಅವನೊಡನೆ ಮರ್ಯಾದೆಯಿಂದ ಮಾತಾಡಿದ್ದು ಅದೊಂದೇ. ಹೌದು ಎಂದ.

ಮಧ್ಯಾಹ್ನ ಹೆಂಡತಿಯ ಫೋನು ಬಂತು. ಬೇರೆಯಾಗಿ ಎರಡು ವರ್ಷವಾಗಿತ್ತು. ಕಾಗದದ ಮೇಲೆ ಇನ್ನೂ ಹೆಂಡತಿಯೇ, ಇಬ್ಬರಿಗೂ ಸಹಿ ಹಾಕಲು ಪುರುಸೊತ್ತಾಗಿರಲಿಲ್ಲ.

"ಊಟದ ಹೊತ್ತಲ್ಲಿ ಬರ್ತೀಯಾ? ಕ್ಯಾಂಟೀನಿಗೆ."

ಅವಳು ಕೃತಕ ಹಲ್ಲು ತಯಾರಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಯಾರದೋ ದವಡೆಯ ಅಚ್ಚು ಮುಂದಿಟ್ಟುಕೊಂಡು ಹಲ್ಲನ್ನು ಅರದಿಂದ ಉಜ್ಜಿ ಉಜ್ಜಿ ಸರಿಮಾಡುವುದು ಅವಳ ಕೆಲಸ. ಅವನು ದಾರಿಯುದ್ದಕ್ಕೂ ಉತ್ತರಗಳನ್ನು ಜೋಡಿಸಿಕೊಂಡು ಬಂದ. ಕವಿ, ಸುಣ್ಣ, ಎಲ್ಲ. ಒಂದು ಹೊಸದೂ ಹೊಳೆದಿತ್ತು: ನೀನೂ ಹಲ್ಲು ಸರಿಯಾಗುವವರೆಗೆ ಉಜ್ಜುವುದಿಲ್ಲವೇ?

ಕ್ಯಾಂಟೀನಿನ ಕೊನೆಯ ಮೇಜಿನಲ್ಲಿ ಅವಳು ಕೂತಿದ್ದಳು. ಬಿಳಿ ಕೋಟಿನ ತೋಳಿಗೆ ಅಚ್ಚು ತೆಗೆಯುವ ಗಚ್ಚಿನ ಪುಡಿ ಮೆತ್ತಿತ್ತು. ಮೊದಲಿಗಿಂತ ಸಣ್ಣಗಾಗಿದ್ದಳು. ಚಹಾ ಎರಡು ಮೊದಲೇ ತಂದಿಟ್ಟಿದ್ದಳು.

"ಬಸ್ಸಲ್ಲಿ ಕೇಳಿದೆ," ಎಂದಳು. "ನನ್ನ ತೆಗೆದ್ಯಲ್ಲ."

"ನಿನ್ನಲ್ಲ. ಒಂದು ಶಬ್ದ."

"ಸರಿ. ಶಬ್ದ."

"ಹಾಡಿನ ಭಾಗ ಆಗಿರಲಿಲ್ಲ ಅದು. ಆಕಸ್ಮಿಕ."

"ನಾನು ಜಗಳಕ್ಕೆ ಬಂದಿಲ್ಲ," ಎಂದಳು ಅವಳು.

ಅವನಿಗೆ ನಿರಾಸೆಯೇ ಆಯಿತು. ಕೈಯಲ್ಲಿ ಕಲ್ಲು ಹಿಡಿದು ಬಂದವನಿಗೆ ಎದುರಾಳಿ ಕುರ್ಚಿ ತೋರಿಸಿದಂತಾಗಿತ್ತು. ಹಲ್ಲಿನ ಮಾತು ಬಾಯಲ್ಲೇ ಉಳಿಯಿತು.

"ಹಳೇದು ಒಂದು ಪ್ರತಿ ಕೊಡು. ನನಗೆ ಮಾತ್ರ. ಯಾರಿಗೂ ಕೇಳ್ಸಲ್ಲ."

"ಯಾತಕ್ಕೆ?"

ಅವಳು ತೋಳಿನ ಪುಡಿ ಒರೆಸಿಕೊಂಡಳು. "ಹಂಗೆ ನಕ್ಕಿದ್ದು ನಾನೇನಾ ಅಂತ ಒಂದೊಂದು ದಿನ ಅನುಮಾನ ಬರುತ್ತೆ. ಅವತ್ತು ಕೇಳ್ಕೋತೀನಿ. ಕೇಳ್ಕೋತಿದ್ದೆ. ಹಾಡು ಓಡಿಸಿಬಿಟ್ಟು ಕೊನೇದಷ್ಟೇ."

ಹಾಡು ಓಡಿಸಿಬಿಟ್ಟು. ಅದು ಅವನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

"ಅಳಿಸಿಬಿಟ್ಟೆ," ಎಂದ. "ಬೆಳಿಗ್ಗೆ."

"ಕಿವಿ ಹತ್ರ ಇರುತ್ತೆ."

"ಅವನ ಹತ್ರ ಇದ್ದಿದ್ದನ್ನೇ."

ಅವಳು ಅಳಲಿಲ್ಲ, ರೇಗಲಿಲ್ಲ. ಚಹಾದ ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಂದು ಕಡೆಗೆ ಸರಿಸಿದಳು. ಆಮೇಲೆ ಕೇಳಿದಳು: "ಅವತ್ತು ನಾನ್ಯಾಕೆ ನಕ್ಕೆ, ನೆನಪಿದೆಯಾ?"

"ಇದೆ. ಕೊನೇ ಸಾಲಲ್ಲಿ ನನ್ನ ಗಂಟಲು ಒಡೀತು. ಅದಕ್ಕೆ ನಕ್ಕೆ."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಶ್ರುತಿ, ಅಚ್ಚುಕಟ್ಟು, ಕಲಾವಿದನ ಹಕ್ಕು ಎಂದು ಇಷ್ಟು ದಿನ ಕಟ್ಟಿದ್ದ ಗೋಡೆಯ ಹಿಂದೆ ಇದ್ದದ್ದು ಇಷ್ಟೇ. ಅವಳು ಅವನನ್ನು ನೋಡಿ ನಕ್ಕಿದ್ದಳು. ಊರಿಗೆಲ್ಲ ಅದನ್ನು ಕೇಳಿಸಿದ್ದಳು. ಅದು ಅವನಿಗೆ ನಾಲ್ಕು ವರ್ಷದಿಂದ ಉರಿಯುತ್ತಿತ್ತು.

ಅವಳು ಚಮಚ ಕೆಳಗಿಟ್ಟಳು.

"ಇಷ್ಟು ದಿನ ಹಂಗೇ ಅನ್ಕೊಂಡಿದ್ಯಾ?"

"ಮತ್ತೆ ಯಾಕೆ ನಕ್ಕೆ?"

"ಈಗ ಹೇಳಿ ಏನು ಮಾಡೋದು," ಎಂದು ಅವಳು ಎದ್ದಳು. "ಕೇಳಿಸ್ಕೊಂಡಿದ್ದಿದ್ರೆ ನಿನಗೇ ಗೊತ್ತಾಗಿರೋದು."

ಲೋಟ ತೊಳೆಯುವಲ್ಲಿಗೆ ತನ್ನ ಲೋಟ ಒಯ್ದಿಟ್ಟು, ತಿರುಗಿ ನೋಡದೆ ಹೋದಳು. ಅವನ ಲೋಟ ಮೇಜಿನ ಮೇಲೇ ಇತ್ತು.

ರಸ್ತೆಯಲ್ಲಿ ನಡೆಯುತ್ತ ಅವನು ಆ ನಗುವನ್ನು ನೆನಪಿಸಿಕೊಳ್ಳಲು ನೋಡಿದ. ಬರಲಿಲ್ಲ. ವಾರಗಟ್ಟಲೆ ಅದನ್ನು ತೆಗೆಯಲಿಕ್ಕೆಂದೇ ಕೇಳಿದ್ದ. ಅದು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ, ಯಂತ್ರದ ಪರದೆಯಲ್ಲಿ ಅದರ ಯಾವ ಅಲೆ ಎಷ್ಟು ಎತ್ತರ, ಎಲ್ಲ ಗೊತ್ತಿತ್ತು. ನಗು ಮಾತ್ರ ಗೊತ್ತಿರಲಿಲ್ಲ. ಗೇಲಿಯಾಗಿತ್ತೇ? ಪ್ರೀತಿಯಾಗಿತ್ತೇ? ಯಾವುದಾಗಿದ್ದರೂ ಅದಕ್ಕೆ ಅಲ್ಲಿ ಜಾಗವಿರಲಿಲ್ಲ ಎಂದು ಗಟ್ಟಿಯಾಗಿ ಹೇಳಿಕೊಂಡ. ಪಕ್ಕದಲ್ಲಿ ಹೋಗುತ್ತಿದ್ದ ಮುದುಕ ಒಮ್ಮೆ ತಿರುಗಿ ನೋಡಿ ಸರಿದು ನಡೆದ.

ಫೋನಿನಲ್ಲಿ ಬೈಗುಳ ತುಂಬಿತ್ತು. ನಗು ಎಲ್ಲಿ, ಯಾಕೆ ತೆಗೆದಿರಿ, ನಿಮಗೆ ತಲೆ ಕೆಟ್ಟಿದೆಯೇ. ಒಬ್ಬಳು ಬರೆದಿದ್ದಳು: ಆ ಹಾಡು ನಿಮ್ಮದಿರಬಹುದು, ಆ ನಗು ನಮ್ಮದು. ಅವನು ನಿಂತಲ್ಲೇ ಎಲ್ಲರಿಗೂ ಸೇರಿಸಿ ಉತ್ತರ ಬರೆದ: ಇದೇ ಹಾಡು. ಇಷ್ಟವಿಲ್ಲದವರು ಕೇಳಬೇಡಿ. ಬರೆದ ಮೇಲೆ ಹಸಿವಾಯಿತು.

ಸಂಜೆ ಅವನ ಹಾಡಿನ ಕಛೇರಿಯಿತ್ತು. ಸಭಾಂಗಣ ತುಂಬಿತ್ತು. ಬೈದವರೆಲ್ಲ ಬಂದ ಹಾಗಿತ್ತು. ಸಂಘಟಕ ಪರದೆಯ ಹಿಂದೆ ಬಂದು ಕೈ ಹೊಸೆದುಕೊಳ್ಳುತ್ತ ನಿಂತ.

"ಸಾರ್, ಆ ಕೊನೇ ಹಾಡು ಇವತ್ತು ಬಿಟ್ಬಿಡೋಣ್ವಾ? ಜನ ಸ್ವಲ್ಪ ಬಿಸಿ ಇದ್ದಾರೆ."

"ಅದೇ ಹಾಡೋದು. ಕೊನೇಲಿ ಅದೇ."

ಹಾಡಿದ. ಗಂಟಲು ಎಲ್ಲೂ ಒಡೆಯಲಿಲ್ಲ. ಇಷ್ಟು ಶುದ್ಧವಾಗಿ ಆ ಹಾಡನ್ನು ಎಂದೂ ಹಾಡಿರಲಿಲ್ಲ ಎಂದು ಅವನಿಗೇ ಗೊತ್ತಾಗುತ್ತಿತ್ತು. ಕೊನೆಯ ಸಾಲು ಮುಗಿಯಿತು. ತಂತಿ ಸುಮ್ಮನಾಯಿತು. ಆ ಮೌನ ಅವನದು, ಅವನೇ ಮಾಡಿದ್ದು.

ಹಿಂದಿನ ಸಾಲಿನಿಂದ ಯಾರೋ ನಕ್ಕರು.

ತಾನಾಗಿ ಬಂದ ನಗುವಲ್ಲ, ಕಲಿತ ನಗು. ಮೊದಲು ಉಸಿರೆಳೆದುಕೊಂಡು, ಸಣ್ಣಗೆ ಮೇಲೇರಿ, ನಡುವೆ ತಡೆದು, ಮತ್ತೆ ಜಾರುವ ನಗು. ಅವನು ಅಳಿಸಿದ್ದ ಅಲೆಗಳೇ ಅವು. ಇನ್ನೊಬ್ಬರು ನಕ್ಕರು. ಆಮೇಲೆ ಇಡೀ ಸಾಲು. ಆಮೇಲೆ ಗಂಡಸರು ಹೆಂಗಸರೆನ್ನದೆ ಸಭೆಗೆ ಸಭೆಯೇ, ಒಂದೇ ಉಸಿರಿನಲ್ಲಿ ಏರಿ, ಒಂದೇ ಕಡೆ ತಡೆದು, ಒಟ್ಟಿಗೆ ಜಾರಿತು. ಎಲ್ಲರಿಗೂ ಅದು ಬಾಯಿಪಾಠವಾಗಿತ್ತು.

ಅವನು ಕಿವಿಗೊಟ್ಟು ಕೇಳಿದ. ಅವಳು ಯಾಕೆ ನಕ್ಕಳೆಂದು ಈಗಲಾದರೂ ಗೊತ್ತಾಗಬಹುದೆಂದು, ನಾಚಿಕೆಯಿಲ್ಲದೆ, ಆಸೆಯಿಂದ ಕೇಳಿದ. ಆದರೆ ಇವರು ನಗುತ್ತಿದ್ದದ್ದು ಅವನನ್ನು ನೋಡಿ. ಇದು ಗೇಲಿಯೇ, ಅನುಮಾನವಿರಲಿಲ್ಲ. ಅವಳ ನಗುವಿನ ಆಕಾರ ಉಳಿದಿತ್ತು, ಒಳಗೆ ಇವರ ಸಿಟ್ಟು ತುಂಬಿತ್ತು.

"ಸರಿ," ಎಂದ ಮೈಕಿನಲ್ಲಿ. "ಇನ್ನೊಂದು ಸಲ."

ಮೊದಲಿನಿಂದ ಹಾಡಿದ. ಜನ ಚಪ್ಪಾಳೆ ತಟ್ಟಿದರು, ತಮಾಷೆ ಎಂದುಕೊಂಡಿರಬೇಕು. ಕೊನೆಗೆ ಮತ್ತೆ ನಕ್ಕರು, ಈ ಸಲ ಇನ್ನೂ ಜೋರಾಗಿ. ಮತ್ತೆ ಶುರು ಮಾಡಿದ. ಡ್ರಮ್ಮಿನವನು ಅವನ ಕಡೆ ನೋಡಿ, ಕೋಲುಗಳನ್ನು ಕೆಳಗಿಟ್ಟು, ಬೆವರೊರೆಸಿಕೊಳ್ಳುತ್ತ ಒಳಗೆ ಹೋದ. ಮತ್ತೆ ನಗು, ಸ್ವಲ್ಪ ತೆಳ್ಳಗೆ. ಮತ್ತೆ ಹಾಡು. ಜನ ಎದ್ದು ಹೊರಡತೊಡಗಿದರು. ಒಬ್ಬ ಅಪ್ಪ ಮಲಗಿದ ಮಗಳನ್ನು ಹೆಗಲಿಗೆ ಹಾಕಿಕೊಂಡು ಹೋದ. ಸಂಘಟಕ ಪಕ್ಕದಿಂದ "ಸಾರ್, ಸಾಕು ಸಾರ್" ಎನ್ನುತ್ತಲೇ ಇದ್ದ, ಆಮೇಲೆ ಅವನೂ ಕಾಣಲಿಲ್ಲ. ಒಂದು ಸಲ ನಾಲ್ಕೈದು ಜನ ನಕ್ಕರು. ಮುಂದಿನ ಸಲ ಒಬ್ಬಳೇ ನಕ್ಕಳು, ಅರ್ಧಕ್ಕೇ ನಿಲ್ಲಿಸಿ ಚೀಲ ಎತ್ತಿಕೊಂಡಳು.

ಕೊನೆಯ ಸಲ ಹಾಡಿ ಮುಗಿಸಿದಾಗ ಯಾರೂ ನಗಲಿಲ್ಲ.

ತಂತಿ ಸುಮ್ಮನಾಯಿತು. ಮಡಚಿಕೊಂಡ ಕುರ್ಚಿಗಳು ಸಾಲುಸಾಲಾಗಿ ನಿಂತಿದ್ದವು. ಹಾಡು ಕೊನೆಗೂ ಅವನು ಬಯಸಿದ ಹಾಗೆ ಮುಗಿದಿತ್ತು. ಗೆದ್ದೆ ಎಂದು ಗಟ್ಟಿಯಾಗಿಯೇ ಹೇಳಿದ. ಒಂದು ನಗುವಿಗಾಗಿ ಕಾದ. ಆಮೇಲೆ ಸ್ಟ್ಯಾಂಡಿನಿಂದ ಮೈಕನ್ನು ಕಿತ್ತು, ವೇದಿಕೆಯ ಅಂಚಿಗೆ ಬಂದು, ಕೈಯನ್ನು ಆದಷ್ಟೂ ಮುಂದಕ್ಕೆ ಚಾಚಿ, ಅದನ್ನು ಖಾಲಿ ಕುರ್ಚಿಗಳ ಕಡೆಗೆ ಹಿಡಿದುಕೊಂಡು ನಿಂತ.