ಕೆಚ್ಚಿನ ಮಾತು

ಮೇಸ್ತ್ರಿ ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದ್ದೇ ತಡ, ಬೇಲಿಯ ಕಂಬ ಬುಡದಲ್ಲಿ ಲಟಕ್ಕನೆ ಮುರಿದು ಕೈಗೇ ಬಂತು. ಮೇಲಿನ ಭಾಗ ಈಗಲೂ ನೆಟ್ಟಗೆ, ನುಣ್ಣಗೆ, ನೆಂಟರ ಮನೆಗೆ ಹೊರಟವರ ಹಾಗೆ ಲಕ್ಷಣವಾಗಿತ್ತು. ಮಣ್ಣಿಗೆ ತಾಗುವ ಕಡೆ ಮಾತ್ರ ನೀರಲ್ಲಿ ಅದ್ದಿದ ಬ್ರೆಡ್ಡಿನಂತೆ ಮೆತ್ತಗಾಗಿ, ಒಳಗಿನಿಂದ ಗೆದ್ದಲು ಉದುರಿತು. ಹದಿಮೂರು ಕಂಬಗಳಲ್ಲಿ ಇದು ಒಂಬತ್ತನೆಯದು. ಒಂದೊಂದನ್ನೂ ನಾಲ್ಕು ವರ್ಷದ ಹಿಂದೆ ಕೀಸಿ, ಪಾಲಿಶ್ ಬಳಿದು, ಮಕ್ಕಳ ಕೈಗೆ ಸಿಬಿರು ಚುಚ್ಚದಿರಲೆಂದು ಅಂಚು ಸವೆಸಿ ನಿಲ್ಲಿಸಿದವನು ಅವನೇ.

"ಇನ್ನು ನಾಲ್ಕನ್ನೂ ನೋಡಿಬಿಡಪ್ಪ," ಎಂದಳು ಮಗಳು, ಹಿಂಬಾಗಿಲ ಹೊಸ್ತಿಲಲ್ಲಿ ನಿಂತು. ಅವಳ ಬೆನ್ನ ಹಿಂದೆ ಕೋಣೆಯಲ್ಲಿ ಏಳು ಮಕ್ಕಳು ಒಂದೇ ಸಮನೆ ಕಿರುಚುತ್ತಿದ್ದರು.

ಮೊದಲು ಒಂಬತ್ತಿದ್ದರು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಬಿಟ್ಟು, ಸಂಜೆ ಕರೆದುಕೊಂಡು ಹೋಗುವ ಪುಟ್ಟ ಪುಟ್ಟ ಮಕ್ಕಳು. ಮದುವೆಯಾಗಿ ಈ ಮನೆಗೆ ಬಂದ ವರ್ಷವೇ ಮಗಳು ಶುರುಮಾಡಿದ ಶಿಶುವಿಹಾರ ಇದು. ಮನೆಯ ಹಿಂದೆ ಅಂಗಳ, ಅಂಗಳದಾಚೆ ಬೇಲಿ, ಬೇಲಿಯಾಚೆ ಆಳದ ಕಾಲುವೆ. ಹತ್ತು ದಿನದ ಹಿಂದೆ ಮೂರು ವರ್ಷದ ಹುಡುಗಿಯೊಬ್ಬಳು ಬಾತುಕೋಳಿ ನೋಡಲು ಬೇಲಿಗೆ ಒರಗಿದಳು, ಕಂಬ ಕಾಲುವೆಯ ಕಡೆಗೆ ವಾಲಿತು. ಮಗಳು ಓಡಿ ಬಂದು ಫ್ರಾಕು ಹಿಡಿದೆಳೆದಳು. ಏನೂ ಆಗಲಿಲ್ಲ. ಆದರೆ ಅವತ್ತು ಹಾಕಿದ ಹಿಂಬಾಗಿಲ ಚಿಲಕವನ್ನು ಅವಳು ಮಕ್ಕಳಿಗಾಗಿ ಮತ್ತೆ ತೆಗೆದಿರಲಿಲ್ಲ, ಇಬ್ಬರು ತಾಯಂದಿರು ಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸಿದ್ದರು.

"ಸೋಮವಾರ ಕಬ್ಬಿಣದ ಬೇಲಿಯವನು ಅಳತೆಗೆ ಬರ್ತಾನೆ," ಎಂದಳು ಮಗಳು.

"ಬಿಸಿಲಿಗೆ ಕಬ್ಬಿಣ ಕಾದ್ರೆ ಮಕ್ಕಳು ಕೈ ಸುಟ್ಕೊಳ್ಳಲ್ವೇನಮ್ಮ?"

"ಕೈ ಸುಟ್ಟರೆ ಮುಲಾಮು ಹಚ್ತೀನಿ. ನೀರಿಗೆ ಬಿದ್ರೆ ಏನು ಹಚ್ಲಿ?"

ನಲವತ್ತು ವರ್ಷ ಮಂಚ, ಕಪಾಟು, ತೊಟ್ಟಿಲು ಮಾಡಿದ ಕೈ ಮೇಸ್ತ್ರಿಯದು. "ಸೋಮವಾರದ ತನಕ ನನಗೆ ಬಿಡು," ಎಂದ.

"ನಿನ್ನ ಕೆಲಸ ಅಂತ ನಾನು ಒಂದು ಸಲಾನೂ ಇದನ್ನ ಅಲ್ಲಾಡಿಸಿ ನೋಡಲಿಲ್ಲಪ್ಪ," ಎಂದಳು ಅವಳು. "ನಮ್ಮಪ್ಪ ಮಾಡಿದ್ದಲ್ವಾ ಅಂದ್ಕೊಂಡು ಮಕ್ಕಳನ್ನ ಬಿಟ್ಟುಬಿಟ್ಟೆ."

ಕೂಗಾಡಿದ್ದರೆ ಅವನೂ ನಾಲ್ಕು ಮಾತು ಕೂಗಾಡಿ ಹಗುರಾಗುತ್ತಿದ್ದ. ಅವಳು ಮೆತ್ತಗೆ ಹೇಳಿ ಒಳಗೆ ಹೋದಳು. ಬೇಲಿ ಹೋದರೆ ಹೋಗಲಿ, ಇನ್ನೊಂದು ಕಟ್ಟಬಹುದು. ಆದರೆ ಅವನು ಕೊಟ್ಟ ಕುರ್ಚಿಯ ಮೇಲೂ ಮಗಳು ಮೊದಲು ಕೈಯೂರಿ ನೋಡಿ ಕೂರುವ ಕಾಲ ಬಂದರೆ?

ಮುರಿದ ತುಂಡುಗಳನ್ನು ಹೆಗಲಿಗೇರಿಸಿ ಎಲ್ಲಿ ಹಾಕುವುದೆಂದು ನೋಡಿದ. ಮನೆಯ ಪಕ್ಕದ ಮೇಕೆ ದೊಡ್ಡಿಯ ಹಿಂದೆ ಮಾತ್ರ ಜಾಗವಿತ್ತು. ಅಲ್ಲಿಗೆ ಹೋಗುವುದೆಂದರೆ ಅವನಿಗೆ ಸಂಕಟ. ದೊಡ್ಡಿ ಬೀಗಿತ್ತಿಯದು, ಅಂದರೆ ಮಗಳ ಅತ್ತೆಯದು. ಆ ಹೆಂಗಸಿನೊಂದಿಗೆ ಅವನು ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಬೀಗರ ಮನೆಯೆಂದ ಮೇಲೆ ಪೂರ್ತಿ ಬಿಡುವಂತಿಲ್ಲವಲ್ಲ, "ಹೂಂ", "ಬರ್ತೀನಿ", "ಸಾಕು" ಎಂಬ ಮೂರು ಮಾತಿನಲ್ಲೇ ಸಂಸಾರ ನಡೆಸಿದ್ದ.

ಆಗಿದ್ದಿಷ್ಟು. ಬೇಲಿ ನಿಲ್ಲಿಸಿದ ದಿನ ಹೊಸ ಮದುವಣಗಿತ್ತಿ ಮಗಳು ಖುಷಿಯಿಂದ ಒಂದು ಕಂಬವನ್ನು ತಬ್ಬಿಕೊಂಡು ನಿಂತಿದ್ದಳು. ಬೀಗಿತ್ತಿ ಬಂದಳು, ಸೊಂಟದ ಮೇಲೆ ಕೈಯಿಟ್ಟು ಆ ಕಡೆ ನೋಡಿದಳು, "ನೋಡೋಕೇನೋ ಚೆಂದ. ಕೆಚ್ಚಿಲ್ಲ," ಎಂದು ಹೇಳಿ ಹೊರಟುಹೋದಳು. ಮೇಸ್ತ್ರಿಯ ಮೈಯೆಲ್ಲ ಉರಿಯಿತು. ತಾಯಿಯಿಲ್ಲದ ಮಗುವನ್ನು ಎದೆಗವಚಿಕೊಂಡು ಬೆಳೆಸಿದವನ ಎದುರಿಗೇ, ಹುಡುಗಿಗೆ ಧೈರ್ಯವಿಲ್ಲ, ಗಟ್ಟಿತನವಿಲ್ಲ ಎನ್ನುವುದೇ? ಅವನು ಮಗಳಿಗೂ ಹೇಳಲಿಲ್ಲ. ನುಂಗಿಕೊಂಡ. ನುಂಗಿದ್ದು ಇಳಿಯಲೂ ಇಲ್ಲ.

ದೊಡ್ಡಿಯಲ್ಲಿ ಬೀಗಿತ್ತಿ ಮೇಕೆಗಳಿಗೆ ಸೊಪ್ಪು ಕಟ್ಟುತ್ತಿದ್ದಳು. "ಬನ್ನಿ ಬೀಗರೇ, ದಾರಿ ತಪ್ತಾ?" ಎಂದಳು, ತಿರುಗಿಯೂ ನೋಡದೆ.

"ಹೂಂ," ಎಂದ ಮೇಸ್ತ್ರಿ. ತುಂಡುಗಳನ್ನು ಕೆಳಗೆ ಹಾಕಿ ಹೊರಡಬೇಕೆಂದವನು ಹಾಗೇ ನಿಂತ. ದೊಡ್ಡಿಯ ಬಾಗಿಲಿಗೆ ಆಸರೆಯಾಗಿ ಮೂರು ಕಂಬಗಳಿದ್ದವು. ಮೂರರ ತಲೆಯ ಮೇಲೂ ಉಳಿಯಿಂದ ಹೊಡೆದ ಅಡ್ಡಗೀಟು. ಆ ಗೀಟು ಅವನದೇ. ಬೇಡವಾದ ಮರಕ್ಕೆ ಅವನು ಹಾಗೆ ಗುರುತು ಮಾಡುತ್ತಿದ್ದ.

"ಇವು ನನ್ನವಲ್ವಾ?"

ನಾಲ್ಕು ವರ್ಷದಲ್ಲಿ ಅವನಾಗಿ ಕೇಳಿದ ಮೊದಲ ಪ್ರಶ್ನೆ. ಬೀಗಿತ್ತಿ ಈಗ ತಿರುಗಿದಳು. "ನಿಮ್ಮವೇ. ಕಪ್ಪು ಕಲೆ ಬಿದ್ದಿದೆ, ಬಣ್ಣ ಹೊಂದಲ್ಲ ಅಂತ ಪಕ್ಕಕ್ಕೆ ಎಸೆದಿದ್ರಲ್ಲ, ನಾನು ಎತ್ಕೊಂಡೆ. ವಾಪಸ್ ಬೇಕಿತ್ತಾ?"

ಮೇಸ್ತ್ರಿ ಮಂಡಿಯೂರಿ, ಸೊಂಟದಲ್ಲಿದ್ದ ಉಳಿ ತೆಗೆದು ಕಂಬದ ಬುಡಕ್ಕೆ ಚುಚ್ಚಿದ. ಹೊರಗಿನ ಬಿಳಿಯ ಪದರ ಪುಡಿಪುಡಿಯಾಗಿ ಉದುರಿತು. ಆಮೇಲೆ ಉಳಿ ಟಣ್ಣೆಂದು ನಿಂತಿತು. ಒತ್ತಿದ, ತಿರುವಿದ. ಕೂದಲೆಳೆಯಷ್ಟೂ ಒಳಗೆ ಹೋಗಲಿಲ್ಲ. ಮೇಕೆಗಳು ದಿನವೂ ಮೂತ್ರ ಸುರಿದ ನೆಲ ಅದು.

"ಎಷ್ಟು ಚುಚ್ಚಿದ್ರೂ ಅಷ್ಟೇ," ಎಂದಳು ಬೀಗಿತ್ತಿ. "ಬಿಳೀದು ಗೆದ್ದಲು ತಿಂತು. ಒಳಗೆ ಕೆಚ್ಚಿದೆಯಲ್ಲ, ಅದಕ್ಕೆ ಹಲ್ಲು ಹತ್ತಲ್ಲ."

ಮೇಸ್ತ್ರಿ ಮಂಡಿಯ ಮೇಲೆಯೇ ತಲೆಯೆತ್ತಿದ. "ಏನಂದ್ರಿ?"

"ಕೆಚ್ಚು ಬೀಗರೇ, ಕೆಚ್ಚು. ಮರದ ನಡುವೆ ಕಪ್ಪಗೆ ಗಟ್ಟಿಯಾಗಿರುತ್ತಲ್ಲ."

"ಅದನ್ನ ನಾವು ಚೇಗು ಅಂತೀವಿ."

"ಅನ್ನಿ. ನಮ್ಮ ಕಡೆ ಕೆಚ್ಚು."

ಅವನ ಕೈಯಿಂದ ಉಳಿ ಜಾರಿತು. "ಅವತ್ತು ನೀವು, ನೋಡೋಕೆ ಚೆಂದ, ಕೆಚ್ಚಿಲ್ಲ ಅಂದಿದ್ದು…"

"ಕಂಬಕ್ಕೆ! ಮತ್ತೆ ಯಾರಿಗೆ?" ಎಂದವಳು ಅವನ ಮುಖ ನೋಡಿದಳು. ನೋಡುತ್ತಾ ನೋಡುತ್ತಾ ಅವಳಿಗೆ ಅರ್ಥವಾಯಿತು. ಕೈಯಲ್ಲಿದ್ದ ಸೊಪ್ಪನ್ನು ಮೇಕೆ ಕಿತ್ತುಕೊಂಡದ್ದೂ ತಿಳಿಯಲಿಲ್ಲ. "ಅಯ್ಯೋ ನಿಮ್ಮ! ನನ್ನ ಸೊಸೆಗೆ ಅಂದೆ ಅಂದ್ಕೊಂಡ್ರಾ? ಒಂಬತ್ತು ಪಿಶಾಚಿಗಳನ್ನ ಬೆಳಗಿಂದ ಸಂಜೆ ತನಕ ಸಂಭಾಳಿಸೋಳಿಗೆ? ಅವಳ ಕೆಚ್ಚು ನೋಡಿ ನಾನೇ ಬಾಯಿ ಮುಚ್ಕೊಂಡಿದ್ದೀನಿ ಮಾರಾಯ್ರೆ!"

ಮೇಸ್ತ್ರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ನಾನು ನಮ್ಮನೆ ಟೀ ನಿಮಗೆ ಹಿಡಿಸಲ್ಲ ಅಂದ್ಕೊಂಡಿದ್ದೆ," ಎಂದಳು ಅವಳು. ನಗುತ್ತಿದ್ದರೂ ದನಿ ಒಂದಿಷ್ಟು ಒದ್ದೆಯಾಗಿತ್ತು. "ಎರಡು ಸಲ ಪುಡಿ ಬದಲಾಯಿಸಿದೆ."

"ಟೀ ಚೆನ್ನಾಗೇ ಇತ್ತು," ಎಂದ ಮೇಸ್ತ್ರಿ. ಇನ್ನೇನು ಹೇಳುವುದು? ಆಮೇಲೆ ನೆಲ ನೋಡುತ್ತಾ ಹೇಳಿದ: "ಬಿಳೀ ಭಾಗ ಹುಳ ತಿನ್ನುತ್ತೆ ಅಂತ ನನಗೆ ಗೊತ್ತಿರಲಿಲ್ಲ ಅಂತಲ್ಲ. ಪಾಲಿಶ್ ಇದೆಯಲ್ಲ ಅನ್ನೋ ಧೈರ್ಯ. ಮನೆಯೊಳಗಿನ ಮರ ಮಾಡಿ ಮಾಡಿ, ಬಣ್ಣ ಒಂದೇ ಸಮ ಇರಬೇಕು ಅನ್ನೋ ಹುಚ್ಚು. ಗಟ್ಟಿ ಇದ್ದಿದ್ದನ್ನೆಲ್ಲ ಆರಿಸಿ ಆರಿಸಿ ಆಚೆಗೆಸೆದೆ." ಜಾರಿದ ಉಳಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. "ನಾಳೆ ಮರದ ಅಂಗಡಿಗೆ ನನ್ನ ಜೊತೆ ಬರ್ತೀರಾ? ನನಗೆ ಕಂಬ ಆರಿಸಿಕೊಡಬೇಕು."

ನಲವತ್ತು ವರ್ಷದಲ್ಲಿ ಅವನು ಮರದ ವಿಷಯಕ್ಕೆ ಯಾರನ್ನೂ ಹೀಗೆ ಕೇಳಿರಲಿಲ್ಲ. ಬೀಗಿತ್ತಿ ಸೆರಗಿಗೆ ಕೈ ಒರೆಸಿಕೊಂಡಳು. "ಬೆಳಿಗ್ಗೆ ಬೇಗ ಬನ್ನಿ. ಹಾಲು ಕರೆದು ಕಾಯ್ತಿರ್ತೀನಿ."

ಮರದ ಅಂಗಡಿಯವನು ಗಿರಾಕಿಯ ಮುಖ ನೋಡಿ ಮೊದಲು ತೋರಿಸಿದ್ದು ತೇಗದ ಗಳಗಳನ್ನು. ಬಾಣದಂತೆ ನೆಟ್ಟಗಿದ್ದವು. ಮೇಸ್ತ್ರಿಯ ಕೈ ತಾನಾಗಿ ಅತ್ತ ಹೋಯಿತು. ಬೀಗಿತ್ತಿ ಕೆಮ್ಮಿದಳು. ಕೈ ಹಿಂದೆ ಬಂತು.

"ತುದಿ ಕೊಯ್ದು ತೋರ್ಸಪ್ಪ," ಎಂದಳು ಅವಳು ಅಂಗಡಿಯವನಿಗೆ. ಅವನು ಗೊಣಗುತ್ತಾ ಒಂದು ಗೇಣು ಕೊಯ್ದ. ಒದ್ದೆ ಬೆರಳಿಂದ ಅವಳು ಕೊಯ್ದ ಜಾಗವನ್ನು ಉಜ್ಜಿದಳು. ಸುತ್ತ ಎರಡು ಬೆರಳಗಲ ಬಿಳುಪು, ನಡುವೆ ಅಂಗಿಯ ಗುಂಡಿಯಷ್ಟು ಮಾತ್ರ ಕಂದು. "ಎಳೇದು. ಹೆಸರಿಗೆ ತೇಗ. ಹೆಸರು ನೆಲದೊಳಗೆ ನಿಲ್ಲುತ್ತಾ?"

ಅಂಗಡಿಯ ಹಿಂದೆ, ಉರುವಲಿನ ಪಕ್ಕ, ಸೊಟ್ಟ ಸೊಟ್ಟ ಕಗ್ಗಲಿ ಮರದ ರಾಶಿ ಬಿದ್ದಿತ್ತು. ಒಂದಕ್ಕೂ ನೇರ ಬೆನ್ನಿರಲಿಲ್ಲ. ಬೀಗಿತ್ತಿ ಒಂದರ ತುದಿ ಕೊಯ್ಯಿಸಿದಳು. ಬಿಳುಪು ಉಗುರಗಲವೂ ಇಲ್ಲ, ಉಳಿದದ್ದೆಲ್ಲ ಗಾಢ ಕೆಂಪು. ಮೇಸ್ತ್ರಿ ಎತ್ತಿ ನೋಡಿದ. ನೋಡಲು ಒಂದು ಮಾರುದ್ದ, ಎತ್ತಿದರೆ ಸೊಂಟ ಹಿಡಿಯುವಂಥ ಭಾರ.

"ಇದನ್ನ ಕೀಸಿ ನೆಟ್ಟಗೆ ಮಾಡೋಕಾಗಲ್ಲ," ಎಂದ.

"ಯಾಕೆ ಮಾಡ್ಬೇಕು? ಇದೇನು ಕಪಾಟಾ?"

ಅವಳು ಹೇಳಿದಂತೆ ಒಂದೊಂದಾಗಿ ಆರಿಸುತ್ತಾ ಹೋದರು. ಏಳನೆಯದನ್ನು ಅವಳು ಸರಿ ಎಂದಾಗ ಮೇಸ್ತ್ರಿ ತಡೆದ. ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು, ಮತ್ತೆ ಕುಟ್ಟಿದ. "ಇದರೊಳಗೆ ಸುತ್ತು ಬಿರುಕಿದೆ. ಮೊಳೆ ಹೊಡೆದ ದಿನವೇ ಸೀಳುತ್ತೆ." ಅಂಗಡಿಯವನು ಕೊಯ್ದು ನೋಡಿದರೆ, ಹೌದು, ಬಳೆಯಂಥ ಬಿರುಕು.

"ಪರವಾಗಿಲ್ವೇ ಬೀಗರು," ಎಂದಳು ಬೀಗಿತ್ತಿ. ಮೇಸ್ತ್ರಿ ಮುಖ ಗಂಭೀರವಾಗಿಟ್ಟುಕೊಂಡ. ಒಳಗೊಳಗೇ ಹಿಗ್ಗಿದ, ಸುಳ್ಳೇಕೆ ಹೇಳಲಿ.

ಎರಡು ದಿನ ಅಳಿಯ ಗುಂಡಿ ತೋಡಿದ, ಮೇಸ್ತ್ರಿ ಮಚ್ಚಿನಿಂದ ಬಿಳೀ ಪದರ ಕೆತ್ತಿದ, ಬೀಗಿತ್ತಿ ಇಬ್ಬರ ತಪ್ಪನ್ನೂ ಹುಡುಕಿದಳು. ಬುಡದಲ್ಲಿ ನೀರು ನಿಲ್ಲಬಾರದೆಂದು ಸಿಮೆಂಟಿನ ಬದಲು ಜಲ್ಲಿ ತುಂಬಿ ಗುದ್ದಿದರು. ಮಳೆ ಇಳಿದುಹೋಗಲೆಂದು ತಲೆಗಳನ್ನು ಓರೆಯಾಗಿ ಕೊಯ್ದರು. ಅಡ್ಡಪಟ್ಟಿ ಕೂರಿಸಲು ಮೊಳೆ ಹೊಡೆದರೆ ಮೊಳೆಯೇ ಬಾಗುತ್ತಿತ್ತು, ಪ್ರತಿಯೊಂದಕ್ಕೂ ಮೊದಲು ತೂತು ಕೊರೆಯಬೇಕಾಯಿತು. ಮೇಸ್ತ್ರಿಯ ಅಂಗೈಯಲ್ಲಿ ಎಂದೋ ಮರೆತ ಬೊಬ್ಬೆಗಳು ಎದ್ದವು. ಮಗಳು ಎರಡು ದಿನವೂ ಟೀ ತಂದಿಟ್ಟಳು, ಬೇಲಿಯ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ.

ಸೋಮವಾರ ಬೆಳಿಗ್ಗೆ ಏಳೂ ಮಕ್ಕಳು ಬಂದರು. ಕಬ್ಬಿಣದವನು ಹನ್ನೊಂದಕ್ಕೆ ಬರುವವನಿದ್ದ. ಅಂಗಳದಲ್ಲಿ ಹದಿಮೂರು ಕಂಬಗಳು, ಒಂದು ಅತ್ತ ವಾಲಿ, ಒಂದು ಇತ್ತ ಬಾಗಿ, ಸಂತೆಯಲ್ಲಿ ಹರಟುವವರ ಹಾಗೆ ನಿಂತಿದ್ದವು. ಮೇಸ್ತ್ರಿಗೆ ನಾಚಿಕೆಯಾಯಿತು. ಇಷ್ಟು ಕುರೂಪದ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಮಗಳು ಚಿಲಕ ತೆಗೆದು ಒಬ್ಬಳೇ ಹೊರಗೆ ಬಂದು ಬಾಗಿಲನ್ನು ಹಿಂದಕ್ಕೆಳೆದುಕೊಂಡಳು. ಮೊದಲ ಕಂಬವನ್ನು ಹಿಡಿದು ಅಲ್ಲಾಡಿಸಿದಳು. ಎರಡನೆಯದಕ್ಕೆ ಹೆಗಲು ಕೊಟ್ಟು ನೂಕಿದಳು. ಒಂದನ್ನೂ ಬಿಡಲಿಲ್ಲ. ಮೇಸ್ತ್ರಿ ನೋಡುತ್ತಿದ್ದ. ಅವಳು ನೂಕಿದಾಗಲೆಲ್ಲ ಅವನ ಕಾಲಿನ ಹೆಬ್ಬೆರಳು ನೆಲಕ್ಕೆ ಊರುತ್ತಿತ್ತು. ಕೊನೆಯ ಕಂಬಕ್ಕೆ ಅವಳು ಎರಡೂ ಕೈ ಹಾಕಿ, ಕಾಲನ್ನು ನೆಲದಿಂದೆತ್ತಿ, ಇಡೀ ಮೈಭಾರ ಬಿಟ್ಟು ಜೋತುಬಿದ್ದಳು.

ಕಂಬ ಮಿಸುಕಲಿಲ್ಲ.

ಅವಳು ಇಳಿದು ಕೈ ಕೊಡವಿಕೊಂಡಳು. "ಸೊಟ್ಟಗಿದೆ," ಎಂದಳು.

"ಹೂಂ, ಸೊಟ್ಟಗಿದೆ," ಎಂದ ಮೇಸ್ತ್ರಿ.

ಅವಳು ಹೋಗಿ ಹಿಂಬಾಗಿಲನ್ನು ಹಾರು ಹೊಡೆದು ತೆರೆದಳು. ಹತ್ತು ದಿನಕ್ಕಿಂತ ಹೆಚ್ಚು ಕಟ್ಟಿಹಾಕಿದ್ದ ಏಳು ಮಕ್ಕಳು ಒಮ್ಮೆಗೇ ಅಂಗಳಕ್ಕೆ ನುಗ್ಗಿದರು. ಇಬ್ಬರು ನೇರವಾಗಿ ಬೇಲಿಗೇ ಓಡಿ, ಸೊಟ್ಟ ಕಂಬದ ಮೇಲೆ ಕಾಲಿಟ್ಟು ಬಾತುಕೋಳಿಗಳನ್ನು ಕೂಗಿ ಕರೆಯತೊಡಗಿದರು. ಮೇಸ್ತ್ರಿ ಒಂದು ಹೆಜ್ಜೆ ಮುಂದಿಟ್ಟ. ಬೀಗಿತ್ತಿ ದೊಡ್ಡಿಯ ಕಡೆಯಿಂದ ಕೈಸನ್ನೆ ಮಾಡಿ ಅವನನ್ನು ಅಲ್ಲೇ ನಿಲ್ಲಿಸಿದಳು.

ಫ್ರಾಕಿನ ಹುಡುಗಿಯೊಬ್ಬಳು ಜಡೆ ಬಿಚ್ಚಿದೆಯೆಂದು ರಿಬ್ಬನ್ ಹಿಡಿದು ಬಂದಳು. ಮಗಳು ಬೇಲಿಯ ಬಳಿ ಹೋಗಿ, ಕಾಲುವೆಗೆ ಬೆನ್ನು ಹಾಕಿ, ಕಂಬಕ್ಕೆ ಒರಗಿ ಕಾಲು ಚಾಚಿ ಕೂತಳು. ಮಗುವನ್ನು ಮಡಿಲಿಗೆಳೆದುಕೊಂಡು, ತಲೆ ಬಗ್ಗಿಸಿ, ನಿಧಾನವಾಗಿ ಜಡೆ ಹೆಣೆಯತೊಡಗಿದಳು.