ಮೂರನೇ ಲಾರಿಯ ನಿಂಬೆಹಣ್ಣು

ಆಡಿಟ್‌ಗೆ ಬಂದಿದ್ದ ಪ್ರಮೋದಾ ಮೇಡಂ ಎರಡನೇ ಲಾರಿ ನೋಡಿ ಮುಗಿಸುವಷ್ಟರಲ್ಲಿ, ಮೂರನೆಯದರ ಮುಂಚಕ್ರದ ಬುಡದಲ್ಲಿದ್ದ ನಿಂಬೆಹಣ್ಣು ಗುಮಾಸ್ತ ಚಲಪತಿಯ ಕಣ್ಣಿಗೆ ಬಿತ್ತು.

ಅಯ್ಯೋ ದೇವರೇ, ಇದನ್ನು ಹೇಗೆ ಮರೆತ! ದೊಡ್ಡಬಳ್ಳಾಪುರದಾಚೆಯ ಈ ಮಿಲಿಟರಿ ಡಿಪೋದಲ್ಲಿ ಆಯುಧಪೂಜೆಯ ದಿನ ಎಲ್ಲ ಗಾಡಿಗಳ ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಒಂದೊಂದನ್ನೇ ಮುಂದಕ್ಕೆ ಬಿಟ್ಟು ಪಚಕ್ಕೆನಿಸಿದ್ದರು. ಮೂರನೆಯದು ಮಾತ್ರ ಜಪ್ಪಯ್ಯ ಅಂದರೂ ಅಲುಗಿರಲಿಲ್ಲ. ಅದರ ರಿಪೇರಿಗೆಂದು ಬಂದ ದುಡ್ಡಿನಲ್ಲಿ ಡಿಪೋದ ದೊಡ್ಡ ಸಾಹೇಬರು ಗೆಸ್ಟ್‌ಹೌಸಿಗೆ ಬಣ್ಣ ಹೊಡೆಸಿದರು, ಸೋಫಾ ತರಿಸಿದರು, ಕಿಟಕಿಗೆ ಹಸಿರು ಪರದೆ ಹಾಕಿಸಿದರು.

"ರಿಪೇರಿ ಆಯ್ತು ಅಂತ ಬರೀರಿ ಚಲಪತಿ. ಏನಾದ್ರೂ ಬಂದ್ರೆ ನಾನಿದೀನಲ್ಲ" ಎಂದಿದ್ದರು.

ಬರೆದ. ಬರೆಯುತ್ತಾ ಉತ್ಸಾಹ ಬಂದು, 'ತೂಬಗೆರೆಯವರೆಗೆ ಓಡಿಸಿ ನೋಡಲಾಗಿದೆ' ಎಂದೂ ಸೇರಿಸಿದ. ಯಾರು ಕೇಳಿದ್ದರು ಅದನ್ನು!

ಪಿಂಚಣಿಗೆ ಇನ್ನು ಹದಿನಾಲ್ಕೇ ತಿಂಗಳು. ಕೆಲಸ ಹೋದರೆ ಅದೂ ಹೋದಂತೆಯೇ. ಮನೆಗೆ ಹೋಗಿ ಹೆಂಡತಿ ಮಮತಳಿಗೆ ಯಾವ ಮುಖ ತೋರಿಸುವುದು? ಚಲಪತಿ ಬೇಗಬೇಗ ಹೋಗಿ ಹಣ್ಣಿನ ಮೇಲೆ ಬೂಟು ಇಟ್ಟು ಅದುಮಿದ. ಐದು ತಿಂಗಳು ಒಣಗಿ ಕಲ್ಲಿನಂತಾಗಿತ್ತು, ಒಡೆಯಲಿಲ್ಲ. ಹಾಗೇ ನಿಂತ.

ಮೇಡಂ ಬಂದು ಲಾರಿಯ ರಿಪೇರಿ ಪುಸ್ತಕ ತಿರುವಿದರು. "ಇದು ಡಿಸೆಂಬರ್‌ನಲ್ಲಿ ತೂಬಗೆರೆಗೆ ಹೋಗ್ಬಂದಿದೆ, ಅಲ್ವಾ?"

"ಹೌದು ಮೇಡಂ."

"ಯಾಕೆ ಹಿಂಗೆ ನಡುಗ್ತಿದೀರಿ?"

"ಶುಗರ್ ಐತೆ ಮೇಡಂ."

"ಅಯ್ಯೋ, ಮತ್ತೆ ಬಿಸಿಲಲ್ಲಿ ಯಾಕೆ ನಿಂತಿದೀರಿ? ಬನ್ನಿ, ನೆರಳಿಗೆ ಬನ್ನಿ."

"ಪರ್ವಾಗಿಲ್ಲ ಮೇಡಂ, ಇಲ್ಲೇ ಇರ್ತೀನಿ."

ಅವರ ನೋಟ ನಿಧಾನವಾಗಿ ಬೂಟಿಗೆ ಇಳಿಯಿತು.

"ಕಾಲು ತೆಗೀರಿ ಯಜಮಾನ್ರೇ."

ತೆಗೆದ. ಮೇಡಂ ಬಗ್ಗಿ ಹಣ್ಣು ಎತ್ತಿಕೊಂಡರು. ಕಪ್ಪಾದ ಸಿಪ್ಪೆಯ ಮೇಲೆ ಕುಂಕುಮ ಇನ್ನೂ ಇತ್ತು.

"ನಾನೂ ಈ ಕಡೆಯವಳೇ, ಹೊಸಕೋಟೆ. ನಮ್ಮಪ್ಪನ ಟ್ರ್ಯಾಕ್ಟರ್‌ಗೂ ಇಡ್ತಿದ್ವಿ. ಗಾಡಿ ಹೊರಟಮೇಲೆ ಹಣ್ಣು ಇಡಿಯಾಗಿ ಉಳಿಯುತ್ತಾ?" ದನಿ ಏರಲಿಲ್ಲ. ಅದೇ ಅವನನ್ನು ಇನ್ನಷ್ಟು ಹೆದರಿಸಿತು. "ಯಾರು ಬರೀರಿ ಅಂದಿದ್ದು?"

ಚಲಪತಿ ಗೆಸ್ಟ್‌ಹೌಸಿನ ಕಡೆ ನೋಡಿದ. ಕಿಟಕಿಯಲ್ಲಿ ಸಾಹೇಬರು ಕಾಫಿ ಲೋಟ ಹಿಡಿದು ನಿಂತು ಇತ್ತಲೇ ನೋಡುತ್ತಿದ್ದರು. ಸದ್ಯ, ನೋಡಿದರಲ್ಲ, ಈಗ ಬರುತ್ತಾರೆ ಎಂದುಕೊಂಡ.

ಸಾಹೇಬರು ಕೈ ಚಾಚಿ ಹಸಿರು ಪರದೆ ಎಳೆದುಕೊಂಡರು.