ಸುಸ್ತಿಗೆ ಕೆಮ್ಮಿನ ಸಿರಪ್ಪು

ಮೂರು ವರ್ಷದಿಂದ ಬೆನ್ನು ಬಿಡದ ಸುಸ್ತಿಗೆ ಕಫ ಕರಗಿಸುವ ಸಿರಪ್ಪೇ ಮದ್ದೆಂದು ಯಾರೋ ಹೇಳಿದ್ದನ್ನು ನಂಬಿ, ಅಕ್ಕ ಬಟ್ಟೆ ಹೊಲಿಯುವ ತಂಗಿಗೊಂದು ಬಾಟಲಿ ತಂದುಕೊಟ್ಟಳು. ತಂಗಿಯ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ, ನಗುತ್ತಲೇ ಕೆಮ್ಮಿದ. ಮರದ ಧೂಳು ನುಂಗಿ ನುಂಗಿ ಸದಾ ಕೆಮ್ಮುವ ಬಡಗಿ ಅವನು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ! ಕೆಮ್ಮಿನ ಔಷಧಿಗೆ ಸುಸ್ತು ಹೋಗತ್ತಾ?"

ತಂಗಿ ಹಟಕ್ಕೆ ಬಿದ್ದು ದಿನಕ್ಕೆರಡು ಚಮಚ ಕುಡಿದಳು. ಎರಡು ವಾರ ಬರಬೇಕಾದ ಬಾಟಲಿ ಒಂದೇ ವಾರಕ್ಕೆ ತಳ ಕಂಡಿತು.

ಅಕ್ಕ ಮತ್ತೆ ಬಂದು, "ಏನೇ, ಗುಣ ಕಾಣಿಸ್ತಾ?" ಎಂದಳು.

ತಂಗಿ ಹೊಲಿಗೆ ಯಂತ್ರಕ್ಕೆ ತಲೆಯಾನಿಸಿ ನಕ್ಕಳು. "ಎತ್ತು ಮಲಗಿದಲ್ಲೇ ಇದೆ ಅಕ್ಕಾ. ಕದ್ದು ಕುಡಿದ ಎಮ್ಮೆ ನೋಡು, ನಿನ್ನೆಯಿಂದ ಒಂದ್ಸಲಾನೂ ಕೆಮ್ಮಿಲ್ಲ!"